ಸನ್ಮಾನದ ಬೀರುವಿಗೆ ಹೋದ ಶಾಲು

ಶಂಕರಘಟ್ಟದಿಂದ ಭದ್ರಾವತಿಗೆ ಬರುವ ಸಂಜೆಯ ಬಸ್ಸಿನಲ್ಲಿ ಕೂತು ಫೋನು ನೋಡುತ್ತಿದ್ದೆ. ನಮ್ಮಮ್ಮನಿಗೆಂದು ನಾನು ಏಳು ತಿಂಗಳು ಕೂತು ಹೆಣೆದ ಉಲ್ಲನ್ ಶಾಲು ಯಾರೋ ಗೊತ್ತಿಲ್ಲದ ಗಂಡಸಿನ ಹೆಗಲ ಮೇಲಿತ್ತು. ತಲೆಗೆ ಪೇಟ, ಕೊರಳಿಗೆ ಏಲಕ್ಕಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಆತ ಕ್ಯಾಮೆರಾ ನೋಡಿ ನಗುತ್ತಿದ್ದ. ಪಕ್ಕದಲ್ಲಿ ನನ್ನ ತಮ್ಮ ಹಲ್ಲು ಕಿರಿದು ನಿಂತಿದ್ದ. ಕುಟುಂಬದ ಗ್ರೂಪಿಗೆ ಫೋಟೊ ಹಾಕಿದವನೂ ಅವನೇ. ಕೆಳಗೆ ‘ನಮ್ಮ ಬಡಾವಣೆಯ ರಾಜ್ಯೋತ್ಸವದ ಸವಿ ಕ್ಷಣ’ ಎಂದು ಬರೆದು ಎರಡು ಕೈ ಮುಗಿದ ಚಿತ್ರ ಅಂಟಿಸಿದ್ದ. ಅಷ್ಟರಲ್ಲಾಗಲೇ ಒಂಬತ್ತು ಜನ ಹೆಬ್ಬೆರಳು ಎತ್ತಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕದ ಸೀಟಿನ ಹುಡುಗಿ ‘ಏನಾಯ್ತು ಆಂಟಿ?’ ಎಂದು ಕೇಳಿದಳು. ನನಗೆ ತಿಳಿಯದೆಯೇ ಜೋರಾಗಿ ಏನೋ ಬೈದಿದ್ದೆನಂತೆ.

ನಾನು ಭದ್ರಾವತಿಯವಳು. ಹುಟ್ಟಿ ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಈಗ ಅದೇ ಊರಿನ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಕೆಲಸ ಶಂಕರಘಟ್ಟದ ಒಂದು ಕಚೇರಿಯಲ್ಲಿ. ಹೆಣಿಗೆ ಕಲಿಸಿದವಳು ಕ್ವಾರ್ಟರ್ಸಿನ ಪಕ್ಕದ ಮನೆಯ ತಮಿಳು ಅಕ್ಕ. ಗಂಡ ಎರಡನೇ ಪಾಳಿಗೆ ಹೊರಟ ಕೂಡಲೇ ಅವಳು ಬಾಗಿಲ ಮೆಟ್ಟಿಲ ಮೇಲೆ ಕಡ್ಡಿ ಹಿಡಿದು ಕೂರುತ್ತಿದ್ದಳು. ಅವಳಿಗೆ ಅರ್ಧ ಕನ್ನಡ, ನನಗೆ ಕಾಲು ತಮಿಳು. ಕೈ ಬೆರಳುಗಳನ್ನು ನೋಡಿಯೇ ಕಲಿತೆ. ಅಂದಿನಿಂದ ಇಂದಿನವರೆಗೂ ಈ ಊರಿನ ಜನ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ: ‘ಭದ್ರಾವತಿ ಸೆಕೆಗೆ ಉಲ್ಲನ್ನಾ ಮಾರಾಯ್ತಿ?’ ಬಸ್ಸಿನಲ್ಲಿ ಕಂಡಕ್ಟರ್ ಕೇಳುತ್ತಾನೆ, ತರಕಾರಿಯವಳು ಕೇಳುತ್ತಾಳೆ, ಕಚೇರಿಯಲ್ಲಿ ಊಟದ ಹೊತ್ತಿಗೆ ಕಡ್ಡಿ ತೆಗೆದರೆ ಸಾಹೇಬರೂ ಕೇಳುತ್ತಾರೆ. ‘ನಿಮಗಲ್ಲ ಬಿಡಿ’ ಎನ್ನುತ್ತೇನೆ. ಆಮೇಲೆ ಎರಡು ದಿನ ಯಾರೂ ಮಾತಾಡಿಸುವುದಿಲ್ಲ. ಅದು ನನಗೆ ಅನುಕೂಲವೇ.

ಅಮ್ಮ ನನ್ನ ಜೊತೆಗೇ ಇದ್ದವಳು. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಚಿಕುನ್‌ಗುನ್ಯಾ ಬಂತು. ಜ್ವರವೇನೋ ಹೋಯಿತು, ಗಂಟುನೋವು ಹೋಗಲಿಲ್ಲ. ತೋಳು ಎತ್ತಿ ತಲೆ ಬಾಚಿಕೊಳ್ಳುವುದಕ್ಕೂ ಆಗದು. ಆಗ ಶಿವಮೊಗ್ಗದಿಂದ ತಮ್ಮ ಬಂದ. ‘ಹದಿನೈದು ದಿನ ನಮ್ಮನೇಲಿ ಇರ್ಲಿ, ನೀನು ಬೆಳಿಗ್ಗೆ ಹೋದ್ರೆ ಸಾಯಂಕಾಲ ಬರ್ತೀಯ, ಯಾರು ನೋಡ್ಕೊಳ್ತಾರೆ?’ ಎಂದ. ಕಾರಿನಲ್ಲಿ ಕೂರಿಸಿಕೊಂಡು ಹೋದ. ಆ ಹದಿನೈದು ದಿನ ಇವತ್ತಿಗೂ ಮುಗಿದಿಲ್ಲ. ಅವನು ಹೇಳಿದ್ದು ನಿಜ ಎಂದು ನನಗೂ ಗೊತ್ತಿತ್ತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ಹಾಗಾಗಿ ನಾನು ಶಿವಮೊಗ್ಗಕ್ಕೆ ಹೋದರೂ ಹತ್ತೇ ನಿಮಿಷ. ಗೋಪಾಳದ ಆಚೆ ಹೊಸ ಬಡಾವಣೆಯಲ್ಲಿ ಅವನ ಮನೆ. ಅಮ್ಮ ಹಜಾರದ ಕುರ್ಚಿಯಲ್ಲಿ ಕಾಲಿನಿಂದ ಕೊರಳಿನವರೆಗೆ ರಗ್ಗು ಹೊದ್ದು ಕೂತಿರುತ್ತಿದ್ದಳು. ನಾನು ಎದುರಿನ ಸೋಫಾದ ತುದಿಯಲ್ಲಿ ಕೂತು, ತಮ್ಮನ ಹೆಂಡತಿ ಕೊಟ್ಟ ಕಾಫಿಯನ್ನು ಔಷಧಿಯಂತೆ ಕುಡಿದು ಎದ್ದುಬಿಡುತ್ತಿದ್ದೆ. ಉಳಿದದ್ದೆಲ್ಲ ಫೋನಿನಲ್ಲಿ. ಫೋನಿನಲ್ಲಿ ಅಮ್ಮನ ದನಿ ಮೊದಲಿನ ಹಾಗೇ ಇತ್ತು. ಕ್ವಾರ್ಟರ್ಸಿನ ಈ ತುದಿಯಿಂದ ಕರೆದರೆ ಆ ತುದಿಯಲ್ಲಿ ಆಡುತ್ತಿದ್ದ ನಾವು ಓಡಿ ಬರುತ್ತಿದ್ದ ದನಿ. ಆ ದನಿಯಲ್ಲೇ ಒಂದು ದಿನ ಹೇಳಿದಳು: ‘ಮೈ ಬೆಚ್ಚಗೇ ಆಗಲ್ಲ ಕಣೇ. ಸ್ವೆಟರ್ ಹಾಕ್ಕೊಳ್ಳೋಕೆ ತೋಳು ಎತ್ತೋಕಾಗಲ್ಲ. ರಗ್ಗು ಹೊದ್ರೆ ಎದ್ದು ಓಡಾಡೋಕಾಗಲ್ಲ.’

ಅವತ್ತೇ ಶಾಲು ಹೆಣೆಯಬೇಕೆಂದು ತೀರ್ಮಾನ ಮಾಡಿದೆ. ಅಂಗಡಿಯ ಶಾಲು ಜಾರುತ್ತದೆ. ನೋವಿನ ಹೆಗಲಿನವರು ಅದನ್ನು ಮತ್ತೆ ಮತ್ತೆ ಎಳೆದುಕೊಳ್ಳಲಾರರು. ದಪ್ಪ ಉಲ್ಲನ್ನಿನದು, ತನ್ನ ಭಾರಕ್ಕೆ ತಾನೇ ಮೈಮೇಲೆ ನಿಲ್ಲುವಂಥದ್ದು ಬೇಕಿತ್ತು. ಇಟ್ಟಿಗೆ ಕೆಂಪು, ಬೂದಿ, ಸಾಸಿವೆ, ಹೀಗೆ ಮೂರು ಬಣ್ಣ ತಂದೆ. ಚೌಕ ಚೌಕವಾಗಿ ಹೆಣೆಯುವ ಒಂದು ವಿಧಾನವಿದೆ. ಒಂದು ಚೌಕಕ್ಕೆ ಮೊದಲು ಕಡ್ಡಿಯ ತುಂಬ ಮನೆ, ಅಂದರೆ ಉಲ್ಲನ್ನಿನ ಕುಣಿಕೆ, ಹಾಕಿಕೊಂಡು, ಸಾಲು ಬಿಟ್ಟು ಸಾಲಿಗೆ ನಡುಮಧ್ಯದಲ್ಲಿ ಮನೆಗಳನ್ನು ಸೇರಿಸಿ ಕಡಿಮೆ ಮಾಡುತ್ತಾ ಹೋಗಬೇಕು. ಕೊನೆಗೆ ಒಂದೇ ಮನೆ ಉಳಿಯುತ್ತದೆ, ಅರ್ಧ ಗೇಣಿನ ಚೌಕ ಸಿದ್ಧವಾಗುತ್ತದೆ, ಅದರ ಮೈಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಬಿದ್ದಿರುತ್ತದೆ. ಮುಂದಿನ ಚೌಕವನ್ನು ಈ ಚೌಕದ ಅಂಚಿನಿಂದಲೇ ಎತ್ತಿಕೊಂಡು ಶುರು ಮಾಡುವುದು. ಹೊಲಿಗೆಯೇ ಇಲ್ಲ. ಇದರಲ್ಲಿ ದೊಡ್ಡ ಅನುಕೂಲವೆಂದರೆ ಶಾಲಿನ ಅಳತೆಯನ್ನು ಮೊದಲೇ ಹೇಳಬೇಕಾಗಿಲ್ಲ. ಹೊದೆಯುವವರ ಮೈ ಎಷ್ಟಿದೆಯೋ ಅಷ್ಟು ಸಾಲು ಸೇರಿಸಿ ನಿಲ್ಲಿಸಿದರಾಯಿತು.

ಇಳಿಬೀಳುವ ಉದ್ದಕ್ಕೆ ಆರು ಚೌಕ ಇಟ್ಟುಕೊಂಡೆ. ಸುತ್ತಳತೆಗೆ ಎಷ್ಟು ಸಾಲು ಬೇಕೆಂದು ಯಾರನ್ನೂ ಕೇಳಲಿಲ್ಲ. ನಮ್ಮಮ್ಮನ ಅಳತೆ ನನಗೆ ಗೊತ್ತಿಲ್ಲವೇ? ಎರಡು ಕೊಡ ನೀರನ್ನು ಒಟ್ಟಿಗೆ ಎತ್ತಿಕೊಂಡು ಬರುತ್ತಿದ್ದವಳು, ನನಗಿಂತ ಒಂದು ಗೇಣು ಅಗಲ. ಕನ್ನಡಿಯ ಮುಂದೆ ನಾನೇ ಹೊದ್ದು ನೋಡಿ, ನನಗೆ ಸಾಕೆನಿಸಿದ ಮೇಲೆ ಎರಡು ಸಾಲು ಹೆಚ್ಚಿಗೆ ಹಾಕಿದೆ. ಒಟ್ಟು ಹದಿನೆಂಟು ಸಾಲಾಯಿತು, ನೂರೆಂಟು ಚೌಕ. ಬೇಕೆಂದು ಮಾಡಿದ ಲೆಕ್ಕವಲ್ಲ, ತಾನಾಗಿ ಬಂತು. ಬಸ್ಸಿನಲ್ಲಿ, ಕಚೇರಿಯಲ್ಲಿ, ಕುಕ್ಕರ್ ಕೂಗುವುದನ್ನು ಕಾಯುತ್ತಾ, ಕರೆಂಟು ಹೋದಾಗ ಕಿಟಕಿಯ ಬಳಿ ಕೂತು, ಏಳು ತಿಂಗಳು ಹೆಣೆದೆ.

ಅಕ್ಟೋಬರಿನ ಒಂದು ಭಾನುವಾರ ಶಾಲು ತೆಗೆದುಕೊಂಡು ಹೋದೆ. ಮಳೆ ಬಂದರೆ ನೆನೆಯಬಾರದೆಂದು ಮನೆಯಲ್ಲಿದ್ದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟಿದ್ದೆ. ಕಚೇರಿಯ ಯಾರದೋ ಬೀಳ್ಕೊಡುಗೆಯ ಶಾಲು ಬಂದಿದ್ದ ಕವರು ಅದು. ಪಾರದರ್ಶಕ, ಮೇಲೆ ಬಟನ್ನು. ಹೋದಾಗ ಅಮ್ಮ ಸ್ನಾನಕ್ಕೆ ಹೋಗಿದ್ದಳು. ‘ಕೂತ್ಕೊಳ್ಳಿ ಅತ್ತಿಗೆ, ಅವ್ರಿಗೆ ಸ್ನಾನ ಮಾಡ್ಸೋಕೆ ಮುಕ್ಕಾಲು ಗಂಟೆ ಬೇಕು’ ಎಂದು ತಮ್ಮನ ಹೆಂಡತಿ ಒದ್ದೆ ಕೈಯಲ್ಲೇ ಬಂದು ಹೇಳಿ ಒಳಗೆ ಹೋದಳು. ಹಜಾರದಲ್ಲಿ ನನ್ನ ತಮ್ಮ ಬಡಾವಣೆಯ ಸಂಘದ ಲೆಟರ್‌ಹೆಡ್ ಹರಡಿಕೊಂಡು ಕೂತಿದ್ದ. ಅವನು ಅದರ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಯಾರನ್ನು ಕರೆಯಬೇಕು, ಯಾರ ಫೋಟೊ ಬ್ಯಾನರಿನಲ್ಲಿ ಎಷ್ಟು ದೊಡ್ಡದಿರಬೇಕು ಎಂದು ಶುರು ಮಾಡಿದ. ನನಗೆ ತಡೆಯಲಾಗಲಿಲ್ಲ. ‘ನಿನ್ನ ಬ್ಯಾನರ್ ಕಟ್ಟೋಕೆ ನಾನು ಬಂದಿಲ್ಲ’ ಎಂದು ಎದ್ದೆ. ಕವರನ್ನು ಅಮ್ಮನ ಮಂಚದ ಮೇಲಿಟ್ಟು, ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ.

ಸಂಜೆ ಫೋನು ಮಾಡಿದಾಗ ಶಾಲಿನ ಮಾತು ಅಮ್ಮನೇ ಎತ್ತಲಿ ಎಂದು ಕಾದೆ. ಎತ್ತಲಿಲ್ಲ. ಮರುದಿನವೂ ಇಲ್ಲ. ಏಳು ತಿಂಗಳ ಕೆಲಸಕ್ಕೆ ಒಂದು ‘ಚೆನ್ನಾಗಿದೆ’ ಇಲ್ಲವೇ ಎಂದು ನನಗೂ ಬಿಗುಮಾನ. ನಾನೂ ಕೇಳಲಿಲ್ಲ. ಎರಡು ವಾರ ನಾವಿಬ್ಬರೂ ಸೊಪ್ಪಿನ ಸಾರು, ಮಾತ್ರೆ, ಪಕ್ಕದ ಮನೆಯ ನಾಯಿ ಇವುಗಳನ್ನೇ ಮಾತಾಡಿದೆವು.

ಆಮೇಲೆ ಬಂದದ್ದು ಆ ಫೋಟೊ.

ಮರುದಿನ ರಜೆ ಹಾಕಿ ಬೆಳಿಗ್ಗೆಯ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಟೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಈ ಸನ್ಮಾನದ ಶಾಲು ಎಂಬುದರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಹೆಸರಿಗೆ ಶಾಲು. ಚಳಿಗೆ ಆಗದು, ಮಳೆಗೆ ಆಗದು. ಹೆಗಲ ಮೇಲೆ ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಹೊದ್ದವರು ಕುರ್ಚಿಗೆ ಹೋಗುವಷ್ಟರಲ್ಲೇ ತೆಗೆದು ಮಡಚುತ್ತಾರೆ. ಮನೆಗೆ ಬಂದ ಮೇಲೆ ಅದು ಅದೇ ಕವರಿನೊಳಗೆ ಸೇರಿ, ಬೀರುವಿನ ಕೆಳಗಿನ ಖಾನೆಯಲ್ಲಿ ಕೂರುತ್ತದೆ. ಮುಂದಿನ ಸಮಾರಂಭಕ್ಕೆ ಶಾಲು ಕಡಿಮೆ ಬಿದ್ದರೆ ಅದೇ ಮತ್ತೊಬ್ಬರ ಹೆಗಲಿಗೆ ಹೋಗುತ್ತದೆ. ತಮ್ಮನ ಮನೆಯ ಬೀರುವಿನಲ್ಲಿ ಇಂಥವು ಹದಿನೈದಾದರೂ ಇದ್ದವು. ಇಷ್ಟು ಶಾಲು ಇರುವ ಮನೆಯಲ್ಲಿ ನಮ್ಮಮ್ಮನಿಗೆ ಚಳಿ. ಇದನ್ನು ಹಾಗೇ ಹೇಳಬೇಕೆಂದುಕೊಂಡೆ.

ಹಾಗೇ ಹೇಳಿದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ. ತಮ್ಮ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತ.

‘ಅಕ್ಕ, ಒಂದು ನಿಮಿಷ. ಅತಿಥಿಗಳು ಇಬ್ರು ಅಂದ್ಕೊಂಡಿದ್ವಿ, ಮೂರು ಜನ ಬಂದ್ರು. ಶಾಲು ಒಂದು ಕಮ್ಮಿ ಆಯ್ತು. ಬೀರುನಲ್ಲಿ ಮೇಲೇ ಇತ್ತು, ತಗೊಂಡ್ಹೋದೆ. ನೋಡೋಕೂ ಗ್ರ್ಯಾಂಡಾಗಿತ್ತು.’

‘ಗ್ರ್ಯಾಂಡಾಗಿರುತ್ತೆ! ನನ್ನ ಕಣ್ಣು ಬೆರಳು ಎರಡೂ ಸವೆದಿವೆ ಅದಕ್ಕೆ. ಕೈಯಲ್ಲಿ ಹೆಣೆದಿದ್ದು ಯಾವ್ದು, ಅಂಗಡಿದು ಯಾವ್ದು ಅಂತ ಗೊತ್ತಾಗಲ್ವಾ ನಿಂಗೆ?’

‘ಕವರಲ್ಲಿತ್ತಲ್ಲ ಅತ್ತಿಗೆ’ ಎಂದಳು ಅವನ ಹೆಂಡತಿ. ‘ಬಟನ್ ಹಾಕಿದ ಕವರು. ಬೀರುನಲ್ಲಿ ಬೇರೆ ಇತ್ತು. ನಾವು ಸನ್ಮಾನದ್ದೇ ಅಂದ್ಕೊಂಡ್ವಿ.’

ಕವರಿನ ಮಾತು ಬಂದಾಗ ನನಗೆ ಒಳಗೆ ಚುರುಕ್ಕೆಂದಿತು. ನಮ್ಮ ಕಡೆ ಆ ಕವರಿನಲ್ಲಿ ಶಾಲು ಇದ್ದರೆ ಅದರ ಅರ್ಥ ಒಂದೇ. ಯಾರೂ ಬಿಡಿಸಿ ನೋಡುವುದಿಲ್ಲ. ಅದು ನನಗೆ ಹೊಳೆಯಬೇಕಿತ್ತು. ಆದರೆ ತಪ್ಪು ಒಪ್ಪಿಕೊಳ್ಳುವುದಕ್ಕೆ ಅದು ಸಮಯವಲ್ಲವೆಂದು ಇನ್ನೂ ದನಿ ಎತ್ತರಿಸಿದೆ. ‘ಬೀರುಗೆ ಹೇಗೆ ಹೋಯ್ತು? ನಾನಿಟ್ಟಿದ್ದು ಅಮ್ಮನ ಮಂಚದ ಮೇಲೆ. ಕಾಲು ಬಂದು ನಡ್ಕೊಂಡು ಹೋಯ್ತಾ? ನಿನಗೆ ಮನೆ ಒಪ್ಪ ಆಗಿರ್ಬೇಕು, ಮುದುಕಿಗೆ ಚಳಿಯಾದ್ರೆ ಆಗ್ಲಿ!’ ಅವಳ ಕಣ್ಣಲ್ಲಿ ನೀರು ಬಂತು. ಅವಳು ಅಡುಗೆಮನೆಗೆ ಹೋದಳು. ನನಗೆ ಆಗ ಪಾಪ ಎನಿಸಲಿಲ್ಲ. ಒಳಗಿನ ಕೋಣೆಯಿಂದ ಅಮ್ಮ ‘ಯಾರೇ ಅದು, ಏನಾಯ್ತೇ?’ ಎಂದು ಕೂಗಿದಳು. ‘ಹೋಗಿ ತಂದ್ಮೇಲೇ ಮಾತಾಡ್ಸ್ತೀನಿ’ ಎಂದು ಹೊರಗಿಂದಲೇ ಹೇಳಿ, ತಮ್ಮನನ್ನು ಕಾರು ತೆಗೆಯಲು ಹೊರಡಿಸಿದೆ.

ಶಾಲು ಹೊದ್ದವರು ಆಯನೂರಿನ ಒಬ್ಬ ನಿವೃತ್ತ ಅಧಿಕಾರಿ. ಸಾಗರ ರಸ್ತೆಯಲ್ಲಿ ತಮ್ಮ ಅರ್ಧ ದಾರಿ ಕೈಕಾಲು ಹಿಡಿಯುತ್ತಲೇ ಬಂದ. ‘ಕೊಟ್ಟ ಶಾಲು ವಾಪಸ್ ಕೇಳೋದು ಅಂದ್ರೇನು ಅಕ್ಕಾ, ನನ್ನ ಮರ್ಯಾದೆ ಏನಾಗುತ್ತೆ? ನಾಳೆ ಸಂಘದಲ್ಲಿ ಮುಖ ಹೇಗೆ ತೋರಿಸ್ಲಿ?’

‘ರಗ್ಗು ಹೊದ್ಕೊಂಡು ಹೋಗು’ ಎಂದೆ.

ಅವರ ಮನೆಯ ಅಂಗಳದಲ್ಲಿ ಹೊಸ ಕಾರೊಂದು ನಿಂತಿತ್ತು. ಬಾಗಿಲು ತೆರೆದು ಒಬ್ಬಾತ ಒಳಗೆ ಒರೆಸುತ್ತಿದ್ದ. ಹಿಂದಿನ ಸೀಟಿನ ಮೇಲೆ, ಈ ಬಾಗಿಲಿಂದ ಆ ಬಾಗಿಲಿನವರೆಗೆ, ಎರಡೂ ತುದಿಗಳನ್ನು ಒಳಗೆ ಒತ್ತಿ, ಸುಕ್ಕಿಲ್ಲದ ಹಾಗೆ ನನ್ನ ಶಾಲು ಹಾಸಿತ್ತು. ಇಟ್ಟಿಗೆ ಕೆಂಪು, ಬೂದಿ, ಸಾಸಿವೆ. ನೂರೆಂಟು ಚೌಕದ ಮೇಲೆ ಒಂದು ತೆಂಗಿನಕಾಯಿ ಚೀಲ.

ಆ ಅಧಿಕಾರಿ ಹೊರಗೆ ಬಂದು ಸಂತೋಷದಿಂದಲೇ ಸ್ವಾಗತಿಸಿದರು. ‘ನೋಡಿ, ನೀವು ಕೊಟ್ಟ ಶಾಲು ಎಷ್ಟು ಉಪಯೋಗಕ್ಕೆ ಬಂತು! ನನಗೆ ಡಜನ್‌ಗಟ್ಟಲೆ ಬಂದಿದೆ, ಎಲ್ಲ ಸೊಳ್ಳೆ ಪರದೆ ಹಾಗೆ. ಇದೊಂದೇ ಗಟ್ಟಿ. ಸೀಟಿಗೆ ಹೇಳಿ ಮಾಡಿಸಿದ ಹಾಗಿದೆ!’

ಹೇಳಿ ಮಾಡಿಸಿದ ಹಾಗೆ. ತೆಂಗಿನಕಾಯಿ ಚೀಲವನ್ನು ಎತ್ತಿ ನೆಲದ ಮೇಲಿಟ್ಟು, ಶಾಲನ್ನು ಎಳೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ‘ಇದು ನಮ್ಮ ತಾಯಿದು. ತಪ್ಪಿ ನಿಮಗೆ ಬಂದಿದೆ’ ಎಂದೆ. ತಮ್ಮ ಏನೇನೋ ಕ್ಷಮೆ ಕೇಳಿದ. ಆ ಅಧಿಕಾರಿ ನನ್ನ ಮುಖ ನೋಡಿ, ‘ಅಯ್ಯೋ, ತಾಯಿದಾ? ತಗೊಳ್ಳಿ ತಗೊಳ್ಳಿ. ಮೊದ್ಲೇ ಹೇಳಿದ್ರೆ ನಾನೇ ತಂದುಕೊಡ್ತಿದ್ದೆ’ ಎಂದರು. ಅವರು ಒಳ್ಳೆಯವರೇ. ಜಗಳ ಆಡಲು ಸಿದ್ಧವಾಗಿ ಹೋದವಳಿಗೆ ಅದೂ ಒಂದು ಸಂಕಟ.

ವಾಪಸು ಬರುವಾಗ ನನಗೆ ಗೆದ್ದ ಉತ್ಸಾಹ. ಶಾಲಿಗೆ ಕಾರಿನ ಸುಗಂಧದ ವಾಸನೆ ಹತ್ತಿತ್ತು, ಒಂದು ಮೂಲೆಗೆ ತೆಂಗಿನ ನಾರು ಅಂಟಿತ್ತು. ಅದನ್ನು ಕೀಳುತ್ತಾ, ಮನೆ ಮುಟ್ಟಿದ ಮೇಲೆ ಇಬ್ಬರಿಗೂ ಹೇಳಬೇಕಾದ ಇನ್ನೊಂದು ಸುತ್ತು ಮಾತನ್ನು ಸಿದ್ಧ ಮಾಡಿಕೊಂಡೆ.

ಮನೆಗೆ ಬಂದವಳು ಸೀದಾ ಅಮ್ಮನ ಕೋಣೆಗೆ ಹೋದೆ. ‘ಏಳಮ್ಮ, ನಿಂತ್ಕೋ’ ಎಂದೆ. ರಗ್ಗು ಸರಿಸಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಎಷ್ಟು ತಿಂಗಳ ಮೇಲೆ ಅವಳನ್ನು ಮುಟ್ಟಿದೆನೋ, ನೆನಪಾಗಲಿಲ್ಲ. ಎತ್ತಲು ನಾನು ಹಾಕಿದ ಬಲಕ್ಕೆ ಅವಳು ನನ್ನ ಮೈಮೇಲೇ ಬಂದುಬಿಟ್ಟಳು, ಅಷ್ಟು ಹಗುರಾಗಿದ್ದಳು. ಶಾಲು ಹೊದಿಸಿದೆ. ಒಂದು ಸುತ್ತು ಬಂತು, ಇನ್ನರ್ಧ ಸುತ್ತು ಬಂತು, ಆದರೂ ತುದಿ ಉಳಿಯಿತು. ಉಳಿದ ತುದಿ ಜಾರಿ ಪಾದದ ಕೆಳಗೆ ಸಿಕ್ಕಿ ಅವಳು ಮುಗ್ಗರಿಸಿದಳು. ಹಿಡಿದುಕೊಂಡೆ. ಚೌಕಗಳ ನಡುವೆ ಮುಖವೊಂದೇ ಕಾಣುತ್ತಿತ್ತು.

‘ಇದು ನಂಗಾ?’ ಎಂದಳು ಅಮ್ಮ.

‘ಮತ್ಯಾರಿಗೆ?’

‘ಅವತ್ತು ಮಂಚದ ಮೇಲೆ ನೋಡ್ದೆ. ನಂಗೇ ಇರ್ಬೇಕು ಅಂತ ಸೊಸೆ ಹತ್ರ ಹೊದಿಸ್ಕೊಂಡು ನೋಡ್ದೆ. ಇಷ್ಟು ದೊಡ್ಡದಿತ್ತು. ನನ್ನ ಅಳತೆ ಮಗಳಿಗೆ ಗೊತ್ತಿರಲ್ವಾ, ಇದು ಬೇರೆ ಯಾರಿಗೋ ಅಂದ್ಕೊಂಡೆ. ಕವರ್ ನೋಡಿ ಇವ್ನ ಸಭೆಗೆ ತಂದಿರ್ತಾಳೆ ಅಂತ ನಾನೇ ಬೀರುಗೆ ಇಡು ಅಂದೆ ಅವಳಿಗೆ.’

ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಬೆಳಿಗ್ಗೆಯೇ ಅವಳು ಇದನ್ನು ನನ್ನ ಮುಖಕ್ಕೆ ಹೇಳಬಹುದಿತ್ತು. ಅತ್ತೆಯ ಹೆಸರು ಎತ್ತದೆ ಅಷ್ಟೂ ಬೈಗುಳವನ್ನು ತಾನೇ ನುಂಗಿಕೊಂಡಿದ್ದಳು.

‘ಫೋನಲ್ಲಿ ಒಂದ್ಮಾತು ಕೇಳ್ಬಾರ್ದಿತ್ತಾ?’ ಎಂದೆ. ಆಗಲೂ ನನ್ನ ದನಿ ಬೈಯುವ ದನಿಯೇ.

‘ಕೇಳಿದ್ರೆ ನಿಂಗೆ ಸಿಟ್ಟು ಬರುತ್ತೆ ಅಂತ ಸುಮ್ನಾದೆ.’

ಬೆಳಗಿನಿಂದ ತಮ್ಮನ ಮೇಲೆ, ಅವನ ಹೆಂಡತಿಯ ಮೇಲೆ, ಸಂಘದ ಮೇಲೆ, ಹೊಸ ಕಾರಿನ ಮೇಲೆ ಸುರಿದ ಸಿಟ್ಟೆಲ್ಲ ಒಟ್ಟಾಗಿ ನನ್ನ ಮೇಲೇ ಬಂತು. ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು, ಸುಳ್ಳು ಹೇಳುವುದಿಲ್ಲ. ನಲವತ್ತು ನಿಮಿಷದ ದಾರಿಯಲ್ಲಿದ್ದ ತಾಯಿಯನ್ನು ಎದುರಿಗೆ ಕೂತು ನೋಡುವುದು ಬಿಟ್ಟು, ಕನ್ನಡಿಯ ಮುಂದೆ ನಿಂತು ಅಳತೆ ತೆಗೆದವಳು ನಾನು. ಎರಡು ಕೊಡ ಎತ್ತುತ್ತಿದ್ದ ಹೆಂಗಸಿಗೆ ಶಾಲು ಹೆಣೆದಿದ್ದೆ. ಆ ಹೆಂಗಸು ಯಾವತ್ತೋ ಹೋಗಿಯಾಗಿತ್ತು.

ತಮ್ಮನ ಹೆಂಡತಿಯ ಕಡೆ ತಿರುಗಿ ‘ಕತ್ತರಿ ಇದ್ರೆ ಕೊಡು’ ಎಂದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವಳಿಗೆ ಬಂದದ್ದು ಅಷ್ಟೇ ಮಾತು. ಅವಳು ಕತ್ತರಿ ತಂದು, ಅಮ್ಮನಿಗೆ ಆನಿಕೊಳ್ಳಲು ಭುಜ ಕೊಟ್ಟು ಪಕ್ಕದಲ್ಲೇ ನಿಂತಳು. ಹೇಗೆ ಹಿಡಿದರೆ ಅಮ್ಮನ ತೋಳು ನೋಯುವುದಿಲ್ಲ ಎಂಬುದು ಅವಳ ಕೈಗೆ ಗೊತ್ತಿತ್ತು.

ಹೊದ್ದ ಶಾಲನ್ನು ತೆಗೆಯಲಿಲ್ಲ. ನೆಲದ ಮೇಲೆ ಕೂತು ಕೊನೆಯ ಚೌಕದ ಗಂಟನ್ನು ಹುಡುಕಿ ಕತ್ತರಿಸಿ ಎಳೆದೆ. ಹೆಣಿಗೆ ಬಿಚ್ಚುವುದು ಹೆಣೆದಷ್ಟು ಹೊತ್ತು ಹಿಡಿಯುವುದಿಲ್ಲ. ಒಂದು ಸಾಲು ಹೋಯಿತು. ಎರಡನೆಯದು, ಮೂರನೆಯದು. ತಮ್ಮ ಎಳೆಯ ತುದಿ ಹಿಡಿದು ಉಂಡೆ ಸುತ್ತುತ್ತಾ ಮಂಚದ ಮೇಲೆ ಕೂತಿದ್ದ. ನಾಲ್ಕನೆಯ ಸಾಲು ಮುಗಿದಾಗ ಶಾಲನ್ನು ಅಮ್ಮನ ಎದೆಯ ಮೇಲೆ ಮತ್ತೆ ಸುತ್ತಿ ನೋಡಿದೆ. ನನ್ನ ಕಣ್ಣಿಗೆ ಸರಿಯೆನಿಸಿತು.

‘ಸಾಕಾ ಅಮ್ಮ?’ ಎಂದೆ.

ಅಮ್ಮ ತಲೆ ತಗ್ಗಿಸಿ ಅಂಚು ನೋಡಿಕೊಂಡಳು. ನನ್ನ ಮುಖವನ್ನೂ ಒಮ್ಮೆ ನೋಡಿದಳು, ಹೇಳಲೋ ಬೇಡವೋ ಎಂಬ ಹಾಗೆ.

‘ಇನ್ನೊಂದು ಸಾಲು ಬಿಚ್ಚು’ ಎಂದಳು.